ಟೊಯೊಟಾ ಗಾಡಿ ಕೆಡುವುದಿಲ್ಲ ಎಂಬ ಮಾತು: ಎಲ್ಲಿಂದ ಬಂತು, ಇಂದು ಎಷ್ಟು ನಿಜ?

ಪ್ರಶ್ನೆ: ನಮ್ಮ ತಂದೆಯವರು ಕೊಂಡ ಕ್ವಾಲಿಸ್ ಇಪ್ಪತ್ತು ವರ್ಷ ದಾಟಿದರೂ ದೊಡ್ಡ ರಿಪೇರಿಯಿಲ್ಲದೆ ಓಡುತ್ತಿದೆ. ಈಗ ಹೊಸ ಕಾರು ಕೊಳ್ಳುವ ಯೋಚನೆಯಿದ್ದು, ಮನೆಯವರೆಲ್ಲ ಟೊಯೊಟಾವೇ ಆಗಬೇಕೆನ್ನುತ್ತಾರೆ. ಆದರೆ ಜಪಾನಿನಲ್ಲಿ ಈ ಕಂಪನಿ ಪರೀಕ್ಷೆಗಳಲ್ಲಿ ಅಕ್ರಮ ನಡೆದದ್ದನ್ನು ಒಪ್ಪಿಕೊಂಡ ಸುದ್ದಿಯನ್ನು ಓದಿದ್ದೇನೆ. ಇಲ್ಲಿ ಮಾರುವ ಕೆಲವು ಟೊಯೊಟಾ ಕಾರುಗಳು ವಾಸ್ತವದಲ್ಲಿ ಮಾರುತಿಯವೇ ಎಂದೂ ಕೇಳಿದ್ದೇನೆ. ಈ ಕಂಪನಿಗೆ ಇಷ್ಟು ದೊಡ್ಡ ಹೆಸರು ಬಂದದ್ದು ಹೇಗೆ, ಅದನ್ನು ಇಂದಿಗೂ ನಂಬಬಹುದೇ?

ಉತ್ತರ: ಆ ಹೆಸರು ಪೊಳ್ಳಲ್ಲ, ಆದರೆ ಕಂಪನಿ ಮಾರುವ ಪ್ರತಿಯೊಂದು ವಾಹನಕ್ಕೂ ಅದು ಒಂದೇ ಪ್ರಮಾಣದಲ್ಲಿ ಸಲ್ಲುವುದಿಲ್ಲ. ಯಾವುದಕ್ಕೆ ಎಷ್ಟು ಸಲ್ಲುತ್ತದೆ ಎಂದು ತೂಗಿ ನೋಡಲು ಹೆಸರು ಹುಟ್ಟಿದ ಬಗೆಯನ್ನು ತಿಳಿಯಬೇಕು, ಮತ್ತು ಆ ಕಥೆ ಕಾರಿಗಿಂತ ಬಹಳ ಮೊದಲು, ನೇಯ್ಗೆಯ ಮಗ್ಗದಿಂದ ಶುರುವಾಗುತ್ತದೆ.

ಸಕಿಚಿ ಟೊಯೊಡಾ 1867ರಲ್ಲಿ, ಇಂದಿನ ಶಿಜುಓಕಾ ಪ್ರಾಂತದ ಒಂದು ಹಳ್ಳಿಯಲ್ಲಿ, ಬಡಗಿಯ ಮಗನಾಗಿ ಹುಟ್ಟಿದವರು. (ಕುಟುಂಬದ ಹೆಸರು ಟೊಯೊಡಾ, ಕಾರಿನ ಹೆಸರು 1936ರಿಂದ ಟೊಯೊಟಾ.) ಮರದ ಕೈಮಗ್ಗವನ್ನು ಸುಧಾರಿಸಿ 1891ರಲ್ಲಿ ಮೊದಲ ಪೇಟೆಂಟ್ ಪಡೆದ ಅವರು, ಮುಂದಿನ ಮೂರು ದಶಕ ಮಗ್ಗವನ್ನೇ ಹಿಡಿದು ಕೂತರು. 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗ ಎರಡು ಕೆಲಸ ಮಾಡುತ್ತಿತ್ತು: ಓಟವನ್ನು ತಗ್ಗಿಸದೆ ತಾನೇ ಲಾಳಿ ಬದಲಿಸಿಕೊಳ್ಳುತ್ತಿತ್ತು, ಮತ್ತು ಒಂದು ಎಳೆ ಕಡಿದರೂ ತಕ್ಷಣ ತಾನಾಗಿ ನಿಲ್ಲುತ್ತಿತ್ತು. ಈ ಎರಡನೆಯ ಗುಣವೇ ನಮಗೆ ಮುಖ್ಯ. ಎಳೆ ಕಡಿದ ಮೇಲೂ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆ. ಕೆಡದಂತೆ ನೋಡಿಕೊಳ್ಳಲು ಒಬ್ಬರು ಅದರ ಮುಂದೆಯೇ ಕಾಯುತ್ತಿರಬೇಕು. ಮಗ್ಗವೇ ನಿಲ್ಲುವಂತಾದಾಗ ಕೆಟ್ಟ ಬಟ್ಟೆ ಹುಟ್ಟುವುದೇ ನಿಂತಿತು, ಒಬ್ಬ ಕೆಲಸಗಾತಿ ಹಲವಾರು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಅಂದಿನ ಜಗತ್ತಿನ ದೊಡ್ಡ ಜವಳಿ ಯಂತ್ರ ತಯಾರಕರಾದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ 1929ರಲ್ಲಿ ಒಂದು ಲಕ್ಷ ಪೌಂಡಿಗೆ ಈ ಮಗ್ಗದ ಪೇಟೆಂಟ್ ಹಕ್ಕು ಪಡೆಯಲು ಒಪ್ಪಂದ ಮಾಡಿಕೊಂಡರು. ಆ ಹಣದಿಂದಲೇ ಕಾರು ಕಂಪನಿ ಹುಟ್ಟಿತು ಎಂದು ಹೇಳುವ ರೂಢಿಯಿದೆ. ಅದು ಕಥೆಯನ್ನು ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿಸುತ್ತದೆ. ಕಾರಿನ ಮೊದಲ ವರ್ಷಗಳ ಖರ್ಚನ್ನು ಹೊತ್ತದ್ದು ಕಾರಿಯಾ ಪಟ್ಟಣದ ಮಗ್ಗದ ಕಾರ್ಖಾನೆ.

ಸಕಿಚಿಯವರ ಮಗ ಕಿಯಿಚಿರೊ ಟೋಕಿಯೊದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಅವರು ಮೋಟಾರು ವಿಭಾಗ ತೆರೆದಾಗ ಜಪಾನಿನ ಮಾರುಕಟ್ಟೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕೈಯಲ್ಲಿತ್ತು. ಯೊಕೊಹಾಮಾ ಮತ್ತು ಒಸಾಕಾಗಳಲ್ಲಿ ಆ ಕಂಪನಿಗಳು ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿ ಮಾರುತ್ತಿದ್ದವು. 1935ರಲ್ಲಿ ಹೊರಬಂದ ಟೊಯೊಡಾ ಅವರ ಮೊದಲ ಟ್ರಕ್, ಜಿ1, ನಿಮ್ಮ ಪ್ರಶ್ನೆಗೆ ಒಳ್ಳೆಯ ಮದ್ದು: ಅದು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಜನರಲ್ ಮೋಟಾರ್ಸ್ ಬಿಟ್ಟು ಇವರ ಜೊತೆ ಸೇರಿದ್ದ ಶೋತಾರೊ ಕಾಮಿಯಾ ಆ ಟ್ರಕ್ಕುಗಳನ್ನು ಮಾರುವ ಹೊಣೆ ಹೊತ್ತಿದ್ದರು. ಕೆಟ್ಟ ಗಾಡಿಯಿದ್ದಲ್ಲಿಗೆ ಜನರನ್ನು ಕಳಿಸಿ ದುರಸ್ತಿ ಮಾಡಿಸುವುದು, ಮುರಿದ ಭಾಗದ ವಿನ್ಯಾಸ ತಿದ್ದುವುದು, ಇದೇ ಅಂದಿನ ದಿನಚರಿಯಾಗಿತ್ತು. ಹೊಸ ಕಾಯ್ದೆಯೊಂದು ವಿದೇಶಿ ಕಂಪನಿಗಳನ್ನು 1936ರಿಂದ ಕಟ್ಟಿಹಾಕಿತು. 1937ರ ಆಗಸ್ಟಿನಲ್ಲಿ ಟೊಯೊಟಾ ಮೋಟಾರ್ ಪ್ರತ್ಯೇಕ ಕಂಪನಿಯಾಯಿತು. ಯುದ್ಧಕಾಲವಿಡೀ ಅದು ತಯಾರಿಸಿದ್ದು ಮುಖ್ಯವಾಗಿ ಸೈನ್ಯದ ಟ್ರಕ್ಕುಗಳನ್ನು.

ಯುದ್ಧಾನಂತರದ ಬಿಗಿ ಹಣಕಾಸು ನೀತಿಯಿಂದ 1949-50ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು ನಿಂತಿತು. ಬ್ಯಾಂಕುಗಳು ಸಾಲ ಕೊಟ್ಟವು, ಆದರೆ ಮಾರಾಟ ವಿಭಾಗವನ್ನು ಬೇರೆ ಕಂಪನಿಯಾಗಿಸಬೇಕು, ಮಾರಾಟವಾಗುವಷ್ಟನ್ನೇ ತಯಾರಿಸಬೇಕು ಎಂಬ ಷರತ್ತಿನ ಮೇಲೆ. ದೀರ್ಘ ಮುಷ್ಕರ ನಡೆಯಿತು, ಸುಮಾರು ಎರಡು ಸಾವಿರ ಮಂದಿ ಕೆಲಸ ಬಿಡಬೇಕಾಯಿತು, ಕಿಯಿಚಿರೊ 1950ರ ಜೂನಿನಲ್ಲಿ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕ ಸೇನೆಯಿಂದ ಸಾವಿರಾರು ಟ್ರಕ್ಕುಗಳ ಆರ್ಡರ್ ಬಂತು. ಕಂಪನಿ ಉಳಿಯಿತು, ಕಿಯಿಚಿರೊ 1952ರಲ್ಲಿ ತೀರಿಕೊಂಡರು. ಟೊಯೊಟಾ ಇತಿಹಾಸವನ್ನು ದೂರದೃಷ್ಟಿಯೊಂದರ ಫಲವೆಂದು ಬರೆಯುವವರು ಈ ಅದೃಷ್ಟದ ಪಾಲನ್ನು ಮರೆಯುತ್ತಾರೆ ಎಂಬುದು ನನ್ನ ದೂರು. ಆದರೂ ಒಂದನ್ನು ಒಪ್ಪಬೇಕು: ಹಣವಿಲ್ಲ, ಗೋದಾಮಿನಲ್ಲಿ ಮಾಲು ಪೇರಿಸಿಡುವ ಶಕ್ತಿಯಿಲ್ಲ, ಕೆಟ್ಟ ಮಾಲನ್ನು ಎಸೆಯುವಷ್ಟು ಅನುಕೂಲವಿಲ್ಲ ಎಂಬ ಈ ಇಕ್ಕಟ್ಟಿನಲ್ಲೇ ಟೊಯೊಟಾ ಪದ್ಧತಿ ರೂಪುಗೊಂಡಿತು.

ಆ ಪದ್ಧತಿಗೆ ರೂಪ ಕೊಟ್ಟವರು ತಾಯಿಚಿ ಓನೊ. ಅವರು ಟೊಯೊಡಾ ಕುಟುಂಬದ ನೂಲಿನ ಗಿರಣಿಯಿಂದ 1943ರಲ್ಲಿ ಮೋಟಾರು ಕಂಪನಿಗೆ ಬಂದವರು. ಒಬ್ಬರೇ ಹಲವು ಯಂತ್ರ ನೋಡಿಕೊಳ್ಳುವುದನ್ನು ಗಿರಣಿಯಲ್ಲಿ ಕಂಡಿದ್ದ ಅವರಿಗೆ, ಎಂಜಿನ್ ಭಾಗಗಳ ಶಾಪಿನಲ್ಲಿ ಒಂದೊಂದು ಯಂತ್ರಕ್ಕೂ ಒಬ್ಬೊಬ್ಬರು ಕಾವಲು ನಿಂತಿದ್ದುದು ವ್ಯರ್ಥವೆನಿಸಿತು. ಮಗ್ಗದ ತತ್ವವನ್ನು ಅವರು ಇಡೀ ಕಾರ್ಖಾನೆಗೆ ಹಬ್ಬಿಸಿದರು: ದೋಷ ಕಂಡರೆ ಯಂತ್ರ ತಾನೇ ನಿಲ್ಲಬೇಕು, ಮನುಷ್ಯನಾದರೆ ಲೈನಿನ ಪಕ್ಕದ ಹಗ್ಗ ಎಳೆದು ಮೇಸ್ತ್ರಿಯನ್ನು ಕರೆಯಬೇಕು, ಸರಿಯಾಗದಿದ್ದರೆ ಲೈನನ್ನೇ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಕಾರಣ ಹುಡುಕಬೇಕು. ಆ ಕಾರಣಕ್ಕೆ ಇನ್ನೊಂದು ಕಾರಣ, ಅದಕ್ಕೆ ಮತ್ತೊಂದು, ಹೀಗೆ ಐದು ಸಲ 'ಏಕೆ' ಎಂದು ಕೇಳಬೇಕು. ಜೊತೆಗೆ ಮುಂದಿನ ಹಂತಕ್ಕೆ ಬೇಕಾದಷ್ಟನ್ನೇ ಬೇಕಾದಾಗ ಮಾತ್ರ ತಯಾರಿಸುವ, ಕಾನ್‌ಬಾನ್ ಚೀಟಿಯ ಪದ್ಧತಿ. ಈ ಎರಡನೆಯದು ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಉಳಿತಾಯದ ಉಪಾಯವೆಂದೇ ಹೆಸರಾಗಿದೆ. ವಾಸ್ತವವಾಗಿ ಅದು ದೋಷವನ್ನು ಬಚ್ಚಿಡಲು ಜಾಗವಿಲ್ಲದಂತೆ ಮಾಡುತ್ತದೆ: ಪಕ್ಕದಲ್ಲಿ ಸಾವಿರ ಭಾಗಗಳ ರಾಶಿಯಿದ್ದರೆ ಕೆಟ್ಟ ಒಂದನ್ನು ಎಸೆದು ಇನ್ನೊಂದನ್ನು ಎತ್ತಿಕೊಳ್ಳಬಹುದು, ರಾಶಿಯೇ ಇಲ್ಲದಿದ್ದರೆ ಕೆಟ್ಟ ಒಂದು ಭಾಗ ಎಲ್ಲರ ಕೆಲಸವನ್ನೂ ನಿಲ್ಲಿಸುತ್ತದೆ.

ಆ ಬಿಗಿತಕ್ಕೆ ಬೆಲೆಯೂ ಇದೆ. 1997ರ ಫೆಬ್ರವರಿ 1ರಂದು ಕಾರಿಯಾದಲ್ಲಿರುವ ಐಸಿನ್ ಕಂಪನಿಯ ಘಟಕಕ್ಕೆ ಬೆಂಕಿ ಬಿದ್ದು, ಬ್ರೇಕಿಗೆ ಬೇಕಾದ ಒಂದು ಚಿಕ್ಕ ವಾಲ್ವ್ ಸಿಗದಂತಾಗಿ, ಜಪಾನಿನ ಟೊಯೊಟಾ ಕಾರ್ಖಾನೆಗಳೆಲ್ಲ ಬಹುತೇಕ ನಿಂತವು. ಹೊಲಿಗೆ ಯಂತ್ರ ಮಾಡುವ ಕಂಪನಿಯೂ ಸೇರಿದಂತೆ ಹತ್ತಾರು ಪೂರೈಕೆದಾರರು ಆ ವಾಲ್ವನ್ನು ತಮ್ಮ ತಮ್ಮ ಯಂತ್ರಗಳಲ್ಲಿ ಮಾಡಿಕೊಟ್ಟಿದ್ದರಿಂದ ಕೆಲವೇ ದಿನಗಳಲ್ಲಿ ಕೆಲಸ ಮತ್ತೆ ಶುರುವಾಯಿತು.

ಪದ್ಧತಿಯೊಂದರಿಂದಲೇ ಹೆಸರು ಬರಲಿಲ್ಲ, ಅದಕ್ಕೊಂದು ಸೋಲೂ ಬೇಕಾಯಿತು. 1957ರಲ್ಲಿ ಟೊಯೊಟಾ ತನ್ನ ಕ್ರೌನ್ ಕಾರನ್ನು ಅಮೆರಿಕಕ್ಕೆ ಒಯ್ದಿತು. ಜಪಾನಿನ ಹದಗೆಟ್ಟ ರಸ್ತೆಗಳಿಗೆಂದು ಮಾಡಿದ ಭಾರವಾದ, ಗಟ್ಟಿ ಗಾಡಿ ಅದು. ಜಪಾನಿನಲ್ಲಿ ಮೊದಲ ಎಕ್ಸ್‌ಪ್ರೆಸ್‌ವೇ ತೆರೆದದ್ದೇ 1963ರಲ್ಲಿ, ಹಾಗಾಗಿ ಅದು ದೀರ್ಘಕಾಲ ವೇಗವಾಗಿ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಅದರ ಎಂಜಿನ್ ಕಾದಿತು, ಶಕ್ತಿ ಸಾಲದಾಯಿತು. 1960ರಲ್ಲಿ ಕಂಪನಿ ಅಲ್ಲಿಗೆ ಪ್ರಯಾಣಿಕ ಕಾರುಗಳ ರಫ್ತನ್ನೇ ನಿಲ್ಲಿಸಿತು. ಡೀಲರುಗಳನ್ನು ಜೀವಂತವಾಗಿಡಲು ಲ್ಯಾಂಡ್ ಕ್ರೂಸರ್ ಒಂದನ್ನೇ ಮಾರಿತು, ಊರಿಗೆ ಮರಳಿ ಇಡೀ ಕಂಪನಿಯಲ್ಲಿ ಗುಣಮಟ್ಟ ನಿಯಂತ್ರಣವನ್ನು ಜಾರಿಗೆ ತಂದಿತು, 1965ರಲ್ಲಿ ಅದಕ್ಕಾಗಿ ಡೆಮಿಂಗ್ ಪ್ರಶಸ್ತಿ ಪಡೆಯಿತು, ಮತ್ತು ಅದೇ ವರ್ಷ ಹೆದ್ದಾರಿಗೆಂದೇ ತಿದ್ದಿದ ಕೊರೋನಾ ಕಾರಿನೊಂದಿಗೆ ಅಮೆರಿಕಕ್ಕೆ ಮರಳಿತು. ಟೊಯೊಟಾ ಇತಿಹಾಸದಲ್ಲಿ ಅತಿ ಮುಖ್ಯವಾದ ನಿರ್ಧಾರ ಯಾವುದೆಂದು ಕೇಳಿದರೆ ನಾನು ಯಾವುದೋ ಯಶಸ್ವಿ ಕಾರನ್ನು ಹೆಸರಿಸುವುದಿಲ್ಲ, ಈ ಹಿಂದೆಗೆತವನ್ನು ಹೆಸರಿಸುತ್ತೇನೆ.

1966ರಲ್ಲಿ ಕೊರೊಲಾ ಬಂತು. ಯುದ್ಧಕಾಲದಲ್ಲಿ ವಿಮಾನ ವಿನ್ಯಾಸಗಾರರಾಗಿದ್ದ ತತ್ಸುಒ ಹಸೆಗಾವಾ ಅದರ ಮುಖ್ಯ ಎಂಜಿನಿಯರ್. ಕಾರಿನ ಯಾವ ಅಂಶಕ್ಕೂ ನೂರಕ್ಕೆ 80ಕ್ಕಿಂತ ಕಡಿಮೆ ಅಂಕ ಬರಬಾರದು, ಕೆಲವು ಅಂಶಗಳಲ್ಲಿ ಅದನ್ನೂ ಮೀರಬೇಕು ಎಂಬುದು ಅವರು ಹಾಕಿಕೊಂಡ ಅಳತೆ. ರೋಮಾಂಚನಗೊಳಿಸದ, ಆದರೆ ಎಲ್ಲೂ ಕೈಕೊಡದ ಕಾರು ಇದರಿಂದ ಹುಟ್ಟುತ್ತದೆ. ಟೊಯೊಟಾ ಕಾರುಗಳು ನೀರಸ ಎಂಬ ಆಕ್ಷೇಪ ಮತ್ತು ಅವು ಕೆಡುವುದಿಲ್ಲ ಎಂಬ ಹೊಗಳಿಕೆ ಎರಡೂ ಇದೊಂದೇ ಬೇರಿನವು. 1973ರ ತೈಲ ಬಿಕ್ಕಟ್ಟು ಇಂಥ ಕಾರುಗಳತ್ತ ಅಮೆರಿಕದ ಜನರನ್ನು ತಳ್ಳಿತು. 1997ರಲ್ಲಿ ಕೊರೊಲಾ ಫೋಕ್ಸ್‌ವ್ಯಾಗನ್ ಬೀಟಲ್ ದಾಖಲೆಯನ್ನು ದಾಟಿ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರಿನ ಹೆಸರಾಯಿತು.

ಇದೆಲ್ಲ ಜಪಾನೀಯರ ಹುಟ್ಟುಗುಣ ಎಂಬ ವಾದವನ್ನು 1984ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ ಸುಳ್ಳಾಗಿಸಿತು. ಗೈರುಹಾಜರಿಗೂ ಕಳಪೆ ಕೆಲಸಕ್ಕೂ ಕುಖ್ಯಾತವಾಗಿದ್ದ ಈ ಕಾರ್ಖಾನೆಯನ್ನು ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿತ್ತು. ಎರಡೂ ಕಂಪನಿಗಳು ಜೊತೆಯಾಗಿ ಅದನ್ನು ಮತ್ತೆ ತೆರೆದು, ಬಹುಮಟ್ಟಿಗೆ ಅದೇ ಕಾರ್ಮಿಕರನ್ನು, ಅದೇ ಕಾರ್ಮಿಕ ಸಂಘವನ್ನು ಇಟ್ಟುಕೊಂಡು, ಆದರೆ ಲೈನ್ ನಿಲ್ಲಿಸುವ ಹಗ್ಗವನ್ನು ಅವರ ಕೈಗೆ ಕೊಟ್ಟು ನಡೆಸಿದಾಗ, ಅಲ್ಲಿಂದ ಹೊರಬಂದ ಕಾರುಗಳು ಅಮೆರಿಕದ ಉತ್ತಮ ಕಾರುಗಳ ಸಾಲಿಗೆ ಸೇರಿದವು. 1989ರಲ್ಲಿ ಟೊಯೊಟಾದ್ದೇ ಐಷಾರಾಮಿ ಕಾರು ಲೆಕ್ಸಸ್ ಬಂದ ಕೆಲವೇ ತಿಂಗಳಿಗೆ ಅದರಲ್ಲಿ ಸಣ್ಣ ದೋಷಗಳು ಕಂಡಾಗ, ಮಾರಿದ್ದ ಸುಮಾರು 8,000 ಕಾರುಗಳನ್ನು ಕಂಪನಿ ಮಾಲೀಕರ ಮನೆಗಳಿಂದಲೇ ಒಯ್ದು, ಸರಿಮಾಡಿ, ತೊಳೆದು, ಇಂಧನ ತುಂಬಿಸಿ ಮರಳಿಸಿತು. ದೋಷವಿದ್ದ ಕಾರಿನಿಂದಲೇ ಹೆಸರು ಬೆಳೆದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಈಗ ಕಥೆಯ ಇನ್ನೊಂದು ಮುಖ. ಹೊಸ ಶತಮಾನದ ಮೊದಲ ದಶಕದಲ್ಲಿ ಕಂಪನಿ ಜಗತ್ತಿನ ಮಾರುಕಟ್ಟೆಯ ಶೇ 15 ಪಾಲಿನ ಗುರಿ ಇಟ್ಟುಕೊಂಡು ಓಡತೊಡಗಿತು, 2008ರಲ್ಲಿ ಜನರಲ್ ಮೋಟಾರ್ಸನ್ನು ಹಿಂದಿಕ್ಕಿತು. 2009ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೊ ಬಳಿ, ಬೇರೆ ಅಳತೆಯ ರಬ್ಬರ್ ಮ್ಯಾಟ್ ಆಕ್ಸೆಲರೇಟರ್ ಪೆಡಲನ್ನು ಹಿಡಿದಿಟ್ಟುಕೊಂಡ ಲೆಕ್ಸಸ್ ಕಾರಿನಲ್ಲಿ ನಾಲ್ವರು ಸತ್ತರು. ಮ್ಯಾಟ್ ಜೊತೆಗೆ, ಪೆಡಲೇ ಅಂಟಿಕೊಳ್ಳುವ ಇನ್ನೊಂದು ದೋಷವೂ ಬಯಲಾಗಿ, ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಕೆಟ್ಟಿದೆ ಎಂಬ ಗುಮಾನಿಗೆ ನಾಸಾ ಎಂಜಿನಿಯರುಗಳ ತನಿಖೆಯಲ್ಲಿ ಆಧಾರ ಸಿಗಲಿಲ್ಲ ಎಂದು 2011ರಲ್ಲಿ ಪ್ರಕಟವಾಯಿತು. ಅಷ್ಟರಿಂದ ಕಂಪನಿ ನಿರ್ದೋಷಿಯಾಗುವುದಿಲ್ಲ: ದೋಷದ ಬಗ್ಗೆ ಜನರಿಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕಾಗಿ 2014ರಲ್ಲಿ ಅಮೆರಿಕದ ನ್ಯಾಯ ಇಲಾಖೆಗೆ 120 ಕೋಟಿ ಡಾಲರ್ ದಂಡ ತೆರಲು ಅದು ಒಪ್ಪಿತು. ಕಿಯಿಚಿರೊ ಅವರ ಮೊಮ್ಮಗ, ಆಗಷ್ಟೇ ಅಧ್ಯಕ್ಷರಾಗಿದ್ದ ಅಕಿಯೊ ಟೊಯೊಡಾ, 2010ರ ಫೆಬ್ರವರಿಯಲ್ಲಿ ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ನಿಂತು, ಜನರನ್ನೂ ವ್ಯವಸ್ಥೆಯನ್ನೂ ಬೆಳೆಸಬಲ್ಲ ವೇಗಕ್ಕಿಂತ ಹೆಚ್ಚು ವೇಗವಾಗಿ ಕಂಪನಿ ಬೆಳೆಯಿತು ಎಂದು ಒಪ್ಪಿಕೊಂಡರು.

ನೀವು ಓದಿದ ಸುದ್ದಿ ಇನ್ನೂ ಈಚಿನದು, ಮತ್ತು ಅದರಲ್ಲಿ ಬೇರೆ ಬೇರೆ ಪ್ರಕರಣಗಳು ಸೇರಿಕೊಂಡಿವೆ. ಸಮೂಹದ ಟ್ರಕ್ ಕಂಪನಿ ಹೀನೊ 2022ರಲ್ಲಿ ಎಂಜಿನ್ ಅಂಕಿಅಂಶಗಳನ್ನು ತಿದ್ದಿದ್ದನ್ನು ಒಪ್ಪಿತು. ಸಣ್ಣ ಕಾರುಗಳ ಕಂಪನಿ ದೈಹಾತ್ಸುವಿನಲ್ಲಿ, ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗನ್ನು ಸೆನ್ಸರಿನ ಬದಲು ಟೈಮರಿನಿಂದ ಬಿಚ್ಚಿಸಿದಂಥ ಕೃತ್ಯಗಳೂ ಸೇರಿ 174 ಅಕ್ರಮಗಳನ್ನು 2023ರ ಡಿಸೆಂಬರಿನಲ್ಲಿ ತನಿಖಾ ಸಮಿತಿ ಪಟ್ಟಿ ಮಾಡಿತು. ಅತಿ ಕಡಿಮೆ ಅವಧಿಯಲ್ಲಿ ಕಾರು ಸಿದ್ಧಪಡಿಸಬೇಕೆಂಬ ಒತ್ತಡವನ್ನು ಸಮಿತಿ ಮುಖ್ಯ ಕಾರಣವಾಗಿ ಗುರುತಿಸಿತು; ಕಾರ್ಖಾನೆಯ ಲೈನಿನಲ್ಲಿದ್ದ ಹಗ್ಗ ಪರೀಕ್ಷಾ ಕೊಠಡಿಯಲ್ಲಿರಲಿಲ್ಲ ಎಂದು ನಾನು ಅದನ್ನು ಓದುತ್ತೇನೆ. 2024ರ ಜೂನಿನಲ್ಲಿ ಟೊಯೊಟಾದ್ದೇ ಏಳು ಮಾದರಿಗಳ ಪರೀಕ್ಷೆಯಲ್ಲಿ ನಿಯಮ ಮೀರಿದ್ದು ಹೊರಬಂತು. ಇವುಗಳಲ್ಲಿ ಕೆಲವು, ಉದಾಹರಣೆಗೆ 1,100 ಕಿಲೋ ಬದಲು 1,800 ಕಿಲೋ ತೂಕದ ಗಾಡಿಯಿಂದ ಹಿಂಬದಿಗೆ ಗುದ್ದಿಸಿದ್ದು, ನಿಯಮಕ್ಕಿಂತ ಕಠಿಣವಾದ ಪರೀಕ್ಷೆಗಳು. ಕಂಪನಿ ಆ ಸಮರ್ಥನೆಯನ್ನೇ ಮುಂದಿಟ್ಟಿತು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ ನಿಗದಿಯಾದ ಪರೀಕ್ಷೆಯನ್ನು ಬಿಟ್ಟು ತನಗೆ ಸರಿಕಂಡದ್ದನ್ನು ಮಾಡುವ ಅಧಿಕಾರ ತಯಾರಕರಿಗಿಲ್ಲ. ಆದರೆ ಕೊಳ್ಳುವವರ ದೃಷ್ಟಿಯಿಂದ ಇದನ್ನೂ ದೈಹಾತ್ಸುವಿನ ಕೃತ್ಯವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ಟೊಯೊಡಾ ಮತ್ತು ಕಿರ್ಲೋಸ್ಕರ್ ಬೆಂಗಳೂರಿನಲ್ಲಿ ಜೊತೆಗೂಡಿದ್ದು ಮೊದಲು ಕಾರಿಗಾಗಿ ಅಲ್ಲ, 1990ರ ದಶಕದ ನಡುವಿನಲ್ಲಿ ಜಿಗಣಿಯ ಜವಳಿ ಯಂತ್ರಗಳ ಕಂಪನಿಗಾಗಿ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ, ಬಿಡದಿಯ 432 ಎಕರೆಯ ಆವರಣದಿಂದ 1999ರ ಕೊನೆಗೆ ಕ್ವಾಲಿಸ್ ಹೊರಬಂತು. ನಿಮ್ಮ ತಂದೆಯವರ ಗಾಡಿ ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ ಸ್ಪಷ್ಟ: ಅದು ಇಂಡೋನೇಷ್ಯಾದಲ್ಲಿ 1977ರಿಂದ ಸವೆಸಿ ನೋಡಿದ್ದ ಕಿಜಾಂಗ್ ವಂಶದ ವಾಹನ, ಟ್ರಕ್ಕಿನಂತೆ ಪ್ರತ್ಯೇಕ ಚಾಸಿ, 2.4 ಲೀಟರಿನಷ್ಟು ದೊಡ್ಡ ಡೀಸೆಲ್ ಎಂಜಿನ್, ಅದರಿಂದ ತೆಗೆಯುತ್ತಿದ್ದ ಶಕ್ತಿ ಮಾತ್ರ ಸುಮಾರು 75 ಅಶ್ವಶಕ್ತಿ. ಎಂಜಿನ್ ಎಂದೂ ದಣಿಯುವಷ್ಟು ದುಡಿಯಲೇ ಇಲ್ಲ. ನೋಡಲು ಹಳೆಯದೆಂದು ಬಿಡುಗಡೆಯ ದಿನವೇ ಟೀಕೆಗೊಳಗಾದ ಆ ಗಾಡಿಯನ್ನು ಬೆಂಗಳೂರಿನ ಕಾಲ್ ಸೆಂಟರುಗಳ ಟ್ಯಾಕ್ಸಿಯವರು ಹಗಲು ರಾತ್ರಿ ಓಡಿಸಿದರು, 'ಕೆಡುವುದಿಲ್ಲ' ಎಂಬ ಮಾತನ್ನು ರಾಜ್ಯದ ಮೂಲೆಮೂಲೆಗೆ ಒಯ್ದವರೂ ಅವರೇ. 2005ರಲ್ಲಿ ಅದರ ಜಾಗಕ್ಕೆ ಬಂದ ಇನೋವಾ ಆ ಮಾತನ್ನು ಉಳಿಸಿಕೊಂಡಿತು. ಬಾಳಿಕೆ ಬೇರೆ, ಸುರಕ್ಷತೆ ಬೇರೆ ಎಂಬುದನ್ನು ಮಾತ್ರ ಇಲ್ಲಿ ನೆನಪಿಡಿ: ಇಂದಿನ ಅಳತೆಯಿಂದ ನೋಡಿದರೆ ಕ್ವಾಲಿಸ್ ಸುರಕ್ಷಿತ ವಾಹನವಲ್ಲ.

ಬಿಡದಿಯ ಇತಿಹಾಸವೂ ನುಣುಪಾಗಿಲ್ಲ. 2006, 2014 ಮತ್ತು 2020ರಲ್ಲಿ ಕಾರ್ಮಿಕರ ಮತ್ತು ಆಡಳಿತದ ನಡುವೆ ಜಗಳ ಬೆಳೆದು ಬೀಗಮುದ್ರೆಯವರೆಗೂ ಹೋಯಿತು. ಕೊನೆಯದರಲ್ಲಿ ಕೆಲಸದ ಒತ್ತಡವೇ ಕಾರ್ಮಿಕರ ಮುಖ್ಯ ದೂರಾಗಿತ್ತು, ಬಿಕ್ಕಟ್ಟು ತಿಂಗಳುಗಟ್ಟಲೆ ಎಳೆಯಿತು. ಕೆಲಸಗಾರನ ಮಾತಿಗೆ ಲೈನನ್ನೇ ನಿಲ್ಲಿಸುವೆವೆಂದು ಹೇಳಿಕೊಳ್ಳುವ ಕಂಪನಿಯ ವಿಷಯದಲ್ಲಿ ಇದನ್ನು ಬಿಟ್ಟು ಬರೆಯುವುದು ನ್ಯಾಯವಲ್ಲ. ಪರೀಕ್ಷಾ ಅಕ್ರಮದ ಬಿಸಿಯೂ ಇಲ್ಲಿಗೆ ತಟ್ಟಿತು: ಟೊಯೊಟಾ ಇಂಡಸ್ಟ್ರೀಸ್, ಅಂದರೆ ಸಕಿಚಿಯವರ ಅದೇ ಮಗ್ಗದ ಕಂಪನಿ, ತಯಾರಿಸುವ ಡೀಸೆಲ್ ಎಂಜಿನ್ನುಗಳ ಅಶ್ವಶಕ್ತಿ ಪರೀಕ್ಷೆಯಲ್ಲಿ, ಮಾರುವ ಎಂಜಿನ್ನಿನದಕ್ಕಿಂತ ಬೇರೆಯ ಸಾಫ್ಟ್‌ವೇರ್ ಬಳಸಿದ್ದು ಬಯಲಾದಾಗ, 2024ರ ಆರಂಭದಲ್ಲಿ ಇನೋವಾ ಕ್ರಿಸ್ಟಾ, ಫಾರ್ಚುನರ್ ಮತ್ತು ಹೈಲಕ್ಸ್ ವಾಹನಗಳ ರವಾನೆಯನ್ನು ಭಾರತದಲ್ಲಿಯೂ ಕೆಲಕಾಲ ತಡೆಹಿಡಿಯಲಾಯಿತು.

ಮಾರುತಿ ಸಂಬಂಧದ ಬಗ್ಗೆ ನೀವು ಕೇಳಿದ್ದು ನಿಜ. ಟೊಯೊಟಾ ಮತ್ತು ಸುಜುಕಿ ನಡುವಿನ ಸಹಯೋಗದ ಫಲವಾಗಿ, 2019ರಿಂದ ಮಾರುತಿ ಬಲೆನೊ ಇಲ್ಲಿ ಟೊಯೊಟಾ ಗ್ಲಾಂಜಾ ಆಗಿದೆ. ಅದೇ ವರ್ಷ ಟೊಯೊಟಾ ಸುಜುಕಿಯಲ್ಲಿ ಶೇ 5ಕ್ಕೆ ಹತ್ತಿರದ ಪಾಲನ್ನೂ ಕೊಂಡಿತು. ಗ್ಲಾಂಜಾ ಕೆಟ್ಟ ಕಾರಲ್ಲ. ಆದರೆ ಅದಕ್ಕೆ ಸಲ್ಲಬೇಕಾದ ಹೆಸರು ಸುಜುಕಿಯದು, ಕ್ವಾಲಿಸ್ ಗಳಿಸಿದ್ದಲ್ಲ. 2022ರ ಹೈರೈಡರ್ ವಿಷಯ ಇನ್ನೂ ಸೂಕ್ಷ್ಮ: ಅದನ್ನು ಬಿಡದಿಯಲ್ಲೇ ತಯಾರಿಸುತ್ತಾರೆ, ಅದೇ ಗಾಡಿಯನ್ನು ಮಾರುತಿ ಗ್ರ್ಯಾಂಡ್ ವಿಟಾರಾ ಎಂದು ಮಾರುತ್ತದೆ; ಮೈಲ್ಡ್ ಹೈಬ್ರಿಡ್ (ವಿದ್ಯುತ್ ಮೋಟಾರು ಎಂಜಿನ್ನಿಗೆ ಸ್ವಲ್ಪ ನೆರವಾಗುವ) ಆವೃತ್ತಿಯಲ್ಲಿರುವುದು ಸುಜುಕಿ ಎಂಜಿನ್, ಸ್ಟ್ರಾಂಗ್ ಹೈಬ್ರಿಡ್ (ಸ್ವಲ್ಪ ದೂರ ವಿದ್ಯುತ್ತಿನಿಂದಲೇ ಓಡಬಲ್ಲ) ಆವೃತ್ತಿಯಲ್ಲಿರುವುದು 1997ರ ಪ್ರಿಯಸ್ ಕಾರಿನಿಂದ ಟೊಯೊಟಾ ತಿದ್ದುತ್ತ ಬಂದ ವ್ಯವಸ್ಥೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರಿನ ಸಂದೇಹದ ಮೇಲೆ ಮಾರುತಿ ತನ್ನ 17,362 ಕಾರುಗಳನ್ನು ಹಿಂದಕ್ಕೆ ಕರೆಸಿದಾಗ, ಅದೇ ಭಾಗವಿದ್ದ 1,390 ಗ್ಲಾಂಜಾ ಮತ್ತು ಹೈರೈಡರುಗಳನ್ನು ಟೊಯೊಟಾ ಕೂಡ ಕರೆಸಿತು.

ಆದ್ದರಿಂದ ನಿಮ್ಮ ಮನೆಯವರು ಬಯಸುವುದು ಕ್ವಾಲಿಸ್ ಕೊಟ್ಟ ಬಗೆಯ ಬಾಳಿಕೆಯೇ ಆಗಿದ್ದರೆ ಇನೋವಾ ಕ್ರಿಸ್ಟಾ ಅಥವಾ ಟೊಯೊಟಾದ್ದೇ ಹೈಬ್ರಿಡ್ ವ್ಯವಸ್ಥೆಯಿರುವ ಇನೋವಾ ಹೈಕ್ರಾಸ್, ಸ್ಟ್ರಾಂಗ್ ಹೈಬ್ರಿಡ್ ಹೈರೈಡರ್‌ಗಳ ಕಡೆ ನೋಡಿ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ಇದೆ. ಅದರ ಷರತ್ತುಗಳನ್ನು ಬುಕಿಂಗ್ ಮಾಡುವ ಮೊದಲೇ ಓದಿಸಿಕೊಳ್ಳಿ. ಗ್ಲಾಂಜಾದಂಥ ಕಾರು ಹಿಡಿಸಿದರೆ, ಮಾರುತಿ ಶೋರೂಮಿನಲ್ಲಿ ಅದರ ಜೋಡಿಯ ಬೆಲೆಯನ್ನೂ ವಾರಂಟಿಯನ್ನೂ ನಿಮ್ಮ ಊರಿಗೆ ಹತ್ತಿರವಿರುವ ಸರ್ವಿಸ್ ಕೇಂದ್ರವನ್ನೂ ಹೋಲಿಸಿ ನೋಡಿದ ಮೇಲೆಯೇ ತೀರ್ಮಾನಿಸಿ. ಯಾವುದನ್ನೇ ಕೊಂಡರೂ ಅದರ ಚಾಸಿ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಹಿಂದಕ್ಕೆ ಕರೆಸಿದ ವಾಹನಗಳ ಪಟ್ಟಿಯಲ್ಲಿ ಇದೆಯೇ ಎಂದು ಆಗಾಗ ಪರಿಶೀಲಿಸುತ್ತಿರಿ.